ದ್ರಾಕ್ಷಿಗೆ ಬಂದ ಒಪ್ಪಿಗೆ

ರಾಜಾಜಿನಗರದ ನಮ್ಮ ಮನೆ ಮುಂದಿನ ಚಪ್ಪರದಲ್ಲಿ ಒಂದು ದ್ರಾಕ್ಷಿ ಬಳ್ಳಿ ಇತ್ತು. ಕೆಂಗೇರಿ ಬಳಿ ಇದ್ದ ಅಮ್ಮನ ತವರಿನ ತೋಟ ಸೈಟುಗಳಾಗುವ ಮುನ್ನ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ ಅದು. ಆ ತೋಟದ್ದು ಅಂತ ಉಳಿದದ್ದು ಅದೊಂದೇ. ನನಗಿಂತ ಅದರ ಮೇಲೇ ಅವಳಿಗೆ ಮುದ್ದು ಹೆಚ್ಚು ಎಂದು ನಾನು ಮುನಿಸಿಕೊಳ್ಳುತ್ತಿದ್ದೆ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅದಕ್ಕೆ ಬಿಳಿ ಹಿಟ್ಟು ಮೆತ್ತಿದಂಥ ಹುಳ ಹತ್ತಿತು. ಎಳೆ ಗೊಂಚಲುಗಳು ಅಂಟಂಟಾಗಿ ಉದುರತೊಡಗಿದವು. ಬಳ್ಳಿ ಹೋದರೆ ತವರೇ ಹೋದ ಹಾಗೆ ಎಂದು ಅಮ್ಮ ಅತ್ತಳು. ಎದುರು ಮನೆಯವರು ಒಂದು ಹೊಸ ಔಷಧಿಯ ಹೆಸರು ಹೇಳಿದರು. ಅಪ್ಪ ಕೃಷಿ ಇಲಾಖೆಯವರು. ಕೀಟನಾಶಕ ಮಾರುವ ಅಂಗಡಿಗಳ ತಪಾಸಣೆಯೇ ಅವರ ಕೆಲಸ. ಮನಸ್ಸು ಮಾಡಿದ್ದರೆ ಅಂದೇ ತರಬಹುದಿತ್ತು.

“ಅದಕ್ಕೆ ಹತ್ತಿ ಬೆಳೆಗೆ ಮಾತ್ರ ಒಪ್ಪಿಗೆ ಆಗಿದೆ ಕಣೇ. ದ್ರಾಕ್ಷಿಗೆ ಸರ್ಕಾರ ಇನ್ನೂ ಒಪ್ಪಿಲ್ಲ,” ಅಂದರು ಅಪ್ಪ.

“ಹುಳ ಏನು ಸರ್ಕಾರನ ಕೇಳ್ಕೊಂಡು ಬಂತೇನ್ರೀ?”

“ಹಣ್ಣು ತಿನ್ನೋದು ನಮ್ಮ ಮಗಳು. ವಿಷ ಯಾವಾಗ ಇಳಿಯತ್ತೆ ಅಂತ ಗೊತ್ತಾಗೋವರೆಗೂ ನಾನು ತರಲ್ಲ.”

ಅಮ್ಮ ಮಾತು ಬಿಟ್ಟಳು. ಅಪ್ಪನ ಕಾನೂನು ಕಂಡು ನನಗೂ ಮೈ ಉರಿಯಿತು. ಮರುದಿನ ಅಪ್ಪ ಕಚೇರಿಯಿಂದ ಬಂದವರೇ ಶರ್ಟು ಕಳಚಿ, ಬನಿಯನ್ನಿನಲ್ಲೇ ಸ್ಟೂಲು ಹತ್ತಿ, ಅಂಟುವಾಳದ ನೀರಿನಲ್ಲಿ ಹಳೇ ಪಂಚೆಯ ಚೂರು ಅದ್ದಿ ಒಂದೊಂದೇ ಎಲೆ ಒರೆಸತೊಡಗಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಾನೂ ಒಂದು ಚೂರು ಹಿಡಿದು ಬಂದಳು.

ಅಂದಿನಿಂದ ಸಂಜೆಯಾದರೆ ಇಬ್ಬರೂ ಚಪ್ಪರದ ಕೆಳಗೆ. ಮನೆಯೊಳಗೆ ‘ಊಟಕ್ಕೆ ಬನ್ನಿ’, ‘ಬಂದೆ’ ಬಿಟ್ಟರೆ ಬೇರೆ ಮಾತಿರದಿದ್ದವರು ಅಲ್ಲಿ ಹರಟೆಗೆ ಇಳಿಯುತ್ತಿದ್ದರು. ಅಪ್ಪ ಮೇಲಧಿಕಾರಿಯ ದನಿ ಅಣಕಿಸುವುದನ್ನು, ಅಮ್ಮ ಬಾಯಿಗೆ ಸೆರಗೊತ್ತಿಕೊಂಡು ನಗುವುದನ್ನು ನಾನು ಮೊದಲ ಸಲ ಕಂಡದ್ದು ಅಲ್ಲೇ. ನನಗೆ ಎಂಥ ಸುಖವೆನಿಸುತ್ತಿತ್ತು! ಬಳ್ಳಿಯೂ ಚೇತರಿಸಿಕೊಂಡಿತು.

ಮುಂದಿನ ವರ್ಷ ಹುಳ ಮತ್ತೆ ಬಂತು. ಅಷ್ಟರಲ್ಲಿ ಒಪ್ಪಿಗೆಯೂ ಬಂದಿತ್ತು. ಅಪ್ಪ ಡಬ್ಬಿ ಹಿಡಿದು ಗೇಟಿನಿಂದಲೇ ಕೂಗಿದರು, “ಈಗ ದ್ರಾಕ್ಷಿಗೂ ಆಯ್ತು ಕಣೇ!”

ಅಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದಳು. “ಹೊಡಿಯಕ್ಕೆ ಎಷ್ಟು ಹೊತ್ತಾಗತ್ತೆ?”

“ಐದೇ ನಿಮಿಷ. ಆಮೇಲೆ ಆ ಕಡೆ ತಿರುಗಿ ನೋಡೋದೇ ಬೇಡ.”

“ಅಷ್ಟೇನಾ?” ಅಂದಳು ಅಮ್ಮ. ಅವಳ ಮುಖ ಸಪ್ಪಗಾಯಿತು.

ಅಪ್ಪ ಅವಳನ್ನೇ ನೋಡಿದರು. ಡಬ್ಬಿಯನ್ನು ಇಸಿದುಕೊಂಡು ಮತ್ತೆ ಚೀಲಕ್ಕೆ ಹಾಕಿದರು. ಶರ್ಟಿನ ಗುಂಡಿ ಬಿಚ್ಚುತ್ತ, “ಅಂಟುವಾಳ ನೆನೆಹಾಕಿದೀಯಾ?” ಎಂದು ಕೇಳಿದರು.