ಚಿಂದಿ ತುಂಬಿದ ಗುರಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ಇಳಕಲ್ಲಿನ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ಗಂಜಿಯ ಹುಳಿವಾಸನೆಯಿಂದ. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ತೀಡುತ್ತಿದ್ದರು. ನಾವು ಮಕ್ಕಳು ಅದರ ಕೆಳಗೆ ಬಗ್ಗಿ ನುಸುಳಿ ಸಾಲೆಗೆ ಹೋಗುತ್ತಿದ್ದೆವು. ತಲೆ ತಾಕಿದರೆ ಎರಡೂ ಕಟ್ಟೆಗಳಿಂದ ಬೈಗುಳ ಬೀಳುತ್ತಿತ್ತು.

ಅಂಥ ಒಂದು ವರ್ಷದ ದಸರಾ ರಜೆಯಲ್ಲಿ ನಮಗೆ ಬಿಲ್ಲಿನ ಹುಚ್ಚು ಹತ್ತಿತು. ನನಗೆ ಹನ್ನೊಂದು, ಅಣ್ಣ ಬಸುವಿಗೆ ಹದಿಮೂರು. ಬಿದಿರು ಸೀಳಿ ಬಿಲ್ಲು ಬಗ್ಗಿಸಿದವನು ಅವನು. ಹಳೆ ಛತ್ರಿಯ ಕಡ್ಡಿಗಳನ್ನು ಬಂಡೆಗೆ ತಿಕ್ಕಿ ಬಾಣ ಮಾಡಿದವಳು ನಾನು. ನಮ್ಮ ಹತ್ತಿರ ಇದ್ದದ್ದು ಆರೇ ಬಾಣ. ಗೋಡೆಗೆ ಹೊಡೆದರೆ ಮೊನೆ ಬಾಗುತ್ತಿತ್ತು. ಹಾಗಾಗಿ ಗುರಿ ಯಾವುದು ಎನ್ನುವುದೇ ನಮಗೆ ದೊಡ್ಡ ಚಿಂತೆಯಾಯಿತು.

ಮೊದಲು ಸಗಣಿಯ ಕುಳ್ಳು ನಿಲ್ಲಿಸಿದೆವು. ಎರಡು ಬಾಣಕ್ಕೆ ಪುಡಿಯಾಯಿತು, ಒಲೆಗೆ ಕುಳ್ಳು ಸಾಲದೆ ಬೈಸಿಕೊಂಡೆವು. ಪೂಜೆಯ ಮಂಟಪಕ್ಕೆ ಕಟ್ಟಿದ್ದ ಬಾಳೆದಿಂಡು ತಂದೆವು. ಅದರೊಳಗೆ ಬಾಣ ಹೋಗುವಾಗ ‘ಪಚಕ್’ ಎಂದು ಬರುತ್ತಿದ್ದ ಸದ್ದೇ ಒಂದು ಸುಖ. ನಾಲ್ಕನೆಯ ದಿನ ಅದು ಕೊಳೆತು ನಾತ ಹೊಡೆಯಿತು, ಇರುವೆ ಮುತ್ತಿದವು. ಕೊನೆಗೆ ಬಸು ಒಂದು ದೊಡ್ಡ ರಟ್ಟಿನ ಡಬ್ಬಿಯಲ್ಲಿ ಜೋಳದ ರವದಿ, ಅಂದರೆ ಒಣಗಿದ ಗರಿ, ತುಂಬಿ ಓಣಿಯ ಕೊನೆಯ ಬೇವಿನ ಮರದ ಕೆಳಗಿಟ್ಟ.

ಮರದಾಚೆ ಗೌರತ್ತಿ ಹಾಸು ಕಟ್ಟಿದ್ದಳು. ಗೌರತ್ತಿ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಗೇ ಬಂದು ಮಗ್ಗಕ್ಕೆ ಕೂತವಳು. ಮನೆಯಲ್ಲಿ ಅವಳ ಮಾತಿಗೆ ಅಪ್ಪನೂ ಎದುರಾಡುತ್ತಿರಲಿಲ್ಲ.

ನಾನು ಬಿಟ್ಟ ಬಾಣ ಡಬ್ಬಿಯನ್ನು ಹೊಕ್ಕು, ರವದಿಯನ್ನು ಸೀಳಿ, ಆ ಕಡೆಯಿಂದ ಹಾದು ಹಾಸಿನೊಳಗೆ ಬಿತ್ತು. ದಾಳಿಂಬೆ ಬಣ್ಣದ ಎಳೆಗಳು ಪಟಪಟನೆ ಹರಿದು ಸುರುಳಿ ಸುತ್ತಿಕೊಂಡವು.

ಗೌರತ್ತಿ ಒದರಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಳೆ ಹುಡುಕಿ ಗಂಟು ಹಾಕತೊಡಗಿದಳು. ನಾವಿಬ್ಬರೂ ನಿಂತೇ ಇದ್ದೆವು. ಬಿಸಿಲು ಏರಿತು. ಕೊನೆಯ ಗಂಟು ಬಿಗಿದ ಮೇಲೆ ಅವಳು ತಲೆ ಎತ್ತಿದಳು.

“ಎಳಿ ಹರಿದರ ಗಂಟ ಹಾಕಬೋದು. ಒಂದ್ ಕೂಸಿನ ಕಣ್ಣ ಹೋಗಿದ್ರ ಯಾವ ಗಂಟ ಹಾಕ್ತಿದ್ದೀ?”

ನನಗೆ ಅಳು ಬಂತು. ಬಸು ಮೆಲ್ಲಗೆ ಬಿಲ್ಲನ್ನು ಅವಳ ಮುಂದಿಟ್ಟು ಕೇಳಿದ: “ಮುರದ ಒಲಿಗೆ ಹಾಕ್ತಿ ಏನ್ ಅತ್ತಿ?”

ಅವಳು ಬಿಲ್ಲನ್ನು ತಿರುಗಿಸಿ ನೋಡಿದಳು. ಹೆದೆಯನ್ನು ಒಮ್ಮೆ ಬೆರಳಿಂದ ಮೀಟಿದಳು. “ಇದನ್ನ ಜಂತಿ ಮ್ಯಾಲ ಇಡ್ತೇನಿ. ಬಾಣ ಒಳಗ ಹೋಗಬೇಕು, ಆ ಕಡೆ ಹಾಯಬಾರ್ದು. ಅಂಥಾ ಗುರಿ ಮಾಡ್ಕೊಂಡ ಬರ್ರಿ. ಆಮ್ಯಾಲ ಬಿಲ್ಲ ಕೇಳ್ರಿ.”

ಮರುದಿನ ನಾವು ಹೋದದ್ದು ಇಮಾಮ ಕಾಕಾನ ಹತ್ತಿರ. ಪಕ್ಕದ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದ ಮುದುಕ. ಅವನ ಹತ್ತಿರವೂ ಒಂದು ಬಿಲ್ಲಿತ್ತು, ನನಗಿಂತ ಎತ್ತರದ್ದು. ಅದರ ತಂತಿ ಬಡಿದರೆ ‘ಟಂಯ್ ಟಂಯ್’ ಎಂದು ಹತ್ತಿ ಮೋಡದಂತೆ ಏಳುತ್ತಿತ್ತು. ಅವನ ಗಡ್ಡ ಯಾವುದು, ಹತ್ತಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

“ಕಾಕಾ, ಒಂದ್ ಚೀಲ ಹತ್ತಿ ಕೊಡ್ರಿ,” ಎಂದು ಬಸು ನಡೆದದ್ದನ್ನೆಲ್ಲ ಹೇಳಿದ.

ಕಾಕಾ ಕೆಮ್ಮುತ್ತ ನಕ್ಕ. “ಹತ್ತಿ ಭಾಳ ಮೆತ್ತಗಿನ ಜಾತಿ. ಬಂದವರಿಗೆಲ್ಲಾ ದಾರಿ ಬಿಡ್ತದ. ನಿಮಗ ಬೇಕಾದ್ದು ಚಿಂದಿ. ನಿಮ್ಮ ಓಣ್ಯಾಗ ಮಗ್ಗದ ಕೆಳಗ ಬಿದ್ದಿರ್ತದಲಾ, ನೂಲಿನ ತುಂಡು, ಅರಿವಿ ತುಂಡು. ಒಂದಕ್ಕೊಂದು ಸುತಗೊಂಡು ಬಾಣ ಹಿಡಕೊಂಡ ಬಿಡ್ತದ.”

ಅಂದಿನಿಂದ ಎಂಟು ದಿನ ನಾವು ಮನೆಮನೆ ಹೊಕ್ಕೆವು. ಆಗಿನ ಮಗ್ಗಗಳಿಗೆ ಕಾಲು ಇಳಿಬಿಡಲು ನೆಲದಲ್ಲಿ ಗುಣಿ ತೋಡಿರುತ್ತಿದ್ದರು. ಆ ಗುಣಿಗೆ ಇಳಿದು, ತಂಪು ಮಣ್ಣಿನ ವಾಸನೆಯಲ್ಲಿ ಕೂತು ಎಳೆಗಳನ್ನು ಬಾಚುವುದು ನನ್ನ ಕೆಲಸ. ಮೇಲಿನಿಂದ ಹೆಂಗಸರು ಮಾತಾಡಿಸುತ್ತಿದ್ದರು. “ಆ ಹಸರು ಹುನಗುಂದದ ಮದಲಗಿತ್ತಿ ಸೀರಿದು ನೋಡವಾ,” ಎಂದು ಒಬ್ಬರು. “ಕೆಂಪಂದು ನಂದ, ನನ್ನ ಮಗಳ ಕುಬಸಕ್ಕ ತಗದದ್ದು,” ಎಂದು ಇನ್ನೊಬ್ಬರು. ಹೊರಗೆ ಬರುವಾಗ ಕೈಗೆ ಹುರಿದ ಶೇಂಗಾ, ಬೆಲ್ಲದ ತುಣುಕು. ಮನೆಗೆ ಬಂದರೆ ನನ್ನ ಜಡೆಯಲ್ಲಿ ಏಳೆಂಟು ಬಣ್ಣದ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು.

ಗೋಣಿಚೀಲ ಎರಡೇ ದಿನಕ್ಕೆ ತುಂಬಿತೆಂದು ಕುಣಿದೆವು. ಇಮಾಮ ಕಾಕಾ ಬಂದು ಅದರ ಮೇಲೆ ಅಂಗೈ ಒತ್ತಿದ. ಕೈ ಮೊಣಕೈತನಕ ಇಳಿಯಿತು.

“ಇದು ಗುರಿ ಅಲ್ಲ, ತಲಿದಿಂಬು. ಒಳಗ ಇಳದು ತುಳೀರಿ.”

ಆ ತುಳಿತದ ಸುಖವನ್ನು ಏನೆಂದು ಹೇಳಲಿ? ಚೀಲದೊಳಗೆ ಒಬ್ಬರು ನಿಂತು ಕುಣಿಯುವುದು, ಇನ್ನೊಬ್ಬರು ಬಾಯಿ ಹಿಡಿಯುವುದು. ಒಂದು ಹೊರೆ ಚಿಂದಿ, ಒಂದು ಹೊತ್ತು ತುಳಿತ. ಓಣಿಯ ಮಕ್ಕಳೆಲ್ಲ ಪಾಳಿ ಹಚ್ಚಿದರು. ಒಮ್ಮೆ ನಾನು ಒಳಗಿರುವಾಗಲೇ ಚೀಲ ಉರುಳಿ ಇಳಿಜಾರಿನಲ್ಲಿ ಅರ್ಧ ಓಣಿ ಹೊರಳಿಕೊಂಡು ಹೋದೆ. ಎದ್ದು ನಿಂತಾಗ ಬೇವಿನ ಮರ ಇನ್ನೂ ತಿರುಗುತ್ತಿತ್ತು. ಕೊನೆಗೆ ಚೀಲ ಕಲ್ಲಿನಂತಾಯಿತು. ಕಾಕಾ ದಬ್ಬಣದಿಂದ ಅದರ ಬಾಯಿ ಹೊಲಿದ. ನಾನು ಅರಿಷಿಣಕ್ಕೆ ಸುಣ್ಣ ಕಲಸಿ, ಅದು ಕೆಂಪಗಾದ ಮೇಲೆ ನಟ್ಟನಡುವೆ ತಾಟಿನಷ್ಟು ದೊಡ್ಡ ದುಂಡು ಬರೆದೆ.

ಪರೀಕ್ಷೆಯ ದಿನ ಗೌರತ್ತಿ ಬಿಲ್ಲಿನ ಜೊತೆ ಒಂದು ಹೊಸ ಮಣ್ಣಿನ ಕೊಡವನ್ನೂ ತಂದಳು. ಓಣಿಯಲ್ಲಿ ಹಾಸು ಒಂದೂ ಇಲ್ಲದಂತೆ ನೋಡಿಕೊಂಡು, ಮಕ್ಕಳನ್ನೆಲ್ಲ ನಮ್ಮ ಬೆನ್ನ ಹಿಂದೆ ನಿಲ್ಲಿಸಿದಳು. ಚೀಲವನ್ನು ಬೇವಿನ ಕೊಂಬೆಗೆ ತೂಗುಬಿಟ್ಟು, ಅದರ ಹಿಂದೆ ಕಲ್ಲಿನ ಮೇಲೆ ಕೊಡ ಇಟ್ಟು ನೀರು ತುಂಬಿದಳು.

“ಕೊಡ ಒಡೀತಂದ್ರ ಬಿಲ್ಲು ಒಲಿಗೆ. ಆಮ್ಯಾಲ ಅಳಬಾರ್ದು.”

ಬಸು ಹೊಡೆದ. ಬಾಣ ಗೇಣುದ್ದ ಇಳಿದು ನಿಂತಿತು. ನಾನು ಹೊಡೆದೆ, ನಿಂತಿತು. “ಸನೇಕ ಬರ್ರಿ,” ಎಂದಳು. ಐದು ಹೆಜ್ಜೆಯಿಂದ ಹೊಡೆದೆವು. ಅವಳು ಚೀಲದ ಹಿಂದೆ ಹೋಗಿ ಅಂಗೈಯಿಂದ ಗೋಣಿಯನ್ನೆಲ್ಲ ಸವರಿ ನೋಡಿದಳು. ಮೊನೆ ಎಲ್ಲೂ ತಾಕಲಿಲ್ಲ. ಬಾಣ ಕೀಳಲು ಹೋದರೆ ಬರಲೊಲ್ಲದು. ಬಸು ಚೀಲಕ್ಕೆ ಕಾಲು ಕೊಟ್ಟು ಜಗ್ಗಿ, ಬಾಣದ ಸಮೇತ ಅಂಗಾತ ಬಿದ್ದ. ಇಡೀ ಓಣಿ ನಕ್ಕಿತು.

ಆಗ ಗೌರತ್ತಿ, “ಇಲ್ಲೆ ಕೊಡು,” ಎಂದು ಬಿಲ್ಲು ಕಸಿದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ, ಹೆದೆಯನ್ನು ಕಿವಿತನಕ ಎಳೆದಳು. ಬಿಟ್ಟ ಬಾಣ ಚೀಲವನ್ನು ಮುಟ್ಟಲೇ ಇಲ್ಲ. ಬದಿಯಿಂದ ಹಾದು, ಹಿಂದೆ ಅರ್ಧ ಕಾಣುತ್ತಿದ್ದ ಕೊಡಕ್ಕೆ ಬಡಿಯಿತು. ನೀರು ಬೇವಿನ ಬುಡಕ್ಕೆಲ್ಲ ಹರಿಯಿತು.

ಗೌರತ್ತಿ ಕೊಡವನ್ನು ನೋಡಿದಳು, ನಮ್ಮನ್ನು ನೋಡಿದಳು.

“ಕೊಡ ಒಡೀತು ಖರೆ,” ಎಂದಳು. “ಆದ್ರ ಅದು ಚೀಲದ ತಪ್ಪಲ್ಲ.”

ಇಮಾಮ ಕಾಕಾ ಕಟ್ಟೆಯ ಮೇಲೆ ಬಗ್ಗಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನನ್ನು ನೋಡಿ ಗೌರತ್ತಿಯೂ ನಕ್ಕಳು. ಗಂಡ ತೀರಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ತಾನು ನೋಡಿರಲಿಲ್ಲವೆಂದು ಅಪ್ಪ ಆಮೇಲೆ ಹೇಳಿದ.

ಆ ಚೀಲ ನಾಲ್ಕು ಮಳೆಗಾಲ ಬಾಳಿತು. ಮೇಲಿನ ಗೋಣಿ ಎರಡು ಸಲ ಬದಲಾಯಿತು, ಒಳಗಿನ ಚಿಂದಿ ಬಾಣ ತಿಂದಷ್ಟೂ ಗಟ್ಟಿಯಾಯಿತು. ಗೌರತ್ತಿ ದಿನಾ ಸಂಜೆ ಮಗ್ಗದಿಂದೆದ್ದು ಬಂದು ಮೂರು ಬಾಣ ಹೊಡೆಯುತ್ತಿದ್ದಳು. ಮುಂದಿನ ದಸರೆಯ ಹೊತ್ತಿಗೆ ಬಸುವನ್ನು ಸೋಲಿಸತೊಡಗಿದಳು.

ಈಗ ಆ ಓಣಿಯಲ್ಲಿ ಹಾಸು ಕಟ್ಟುವಷ್ಟು ಜಾಗವಿಲ್ಲ, ಬೈಕುಗಳು ನಿಂತಿರುತ್ತವೆ. ಇಮಾಮ ಕಾಕಾ, ಗೌರತ್ತಿ ಹೋಗಿ ಎಷ್ಟೋ ವರ್ಷಗಳಾದವು. ಆದರೆ ಕಳೆದುಹೋದದ್ದು ಅಷ್ಟೇ ಅಲ್ಲ ಎಂಬುದು ನನಗೆ ಹೋದ ಬೇಸಿಗೆಯಲ್ಲಿ ತಿಳಿಯಿತು. ಬಾಗಲಕೋಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಮೊಮ್ಮಗಳು ಒಂದು ಬಿದಿರು ಹಿಡಿದು ಅದಕ್ಕೆ ದಾರ ಕಟ್ಟುತ್ತಿದ್ದಳು. “ಬ್ಯಾಡ, ಯಾರಿಗರ ಬಡದೀತು,” ಎಂದೆ. ಅವಳು ಏಕೆಂದು ಕೇಳಲಿಲ್ಲ, ಹಟವನ್ನೂ ಮಾಡಲಿಲ್ಲ. ದಾರ ಬಿಚ್ಚಿ, ಬಿದಿರನ್ನು ಮೂಲೆಗಿಟ್ಟು, ಸುಮ್ಮನೆ ಕೆಳಗಿಳಿದು ಹೋದಳು. ಗೌರತ್ತಿಯಂತೆ ‘ಮೊದಲ ಗುರಿ ಮಾಡ್ಕೊಂಡ ಬಾ’ ಎನ್ನಬೇಕಾಗಿತ್ತೆಂದು ನನಗೆ ಹೊಳೆದದ್ದು ಅವಳು ಹೋದ ಮೇಲೆ.