ಗಡಸು ಕೂದಲಿನ ಬ್ರಷ್

ವಾರಕ್ಕೆ ಒಂದಾದರೂ ಫೋನು ಬರುತ್ತದೆ. ಗಂಗಾವತಿ ಕಡೆಯಿಂದಲೋ, ಆದೋನಿ ಕಡೆಯಿಂದಲೋ, ಗಾಜು ತೊಳೆಯುವ ಕೆಲಸಕ್ಕೆ ಹೊಸದಾಗಿ ಇಳಿದ ಯಾರೋ ಒಬ್ಬರು. "ಅಣ್ಣಾ, ಕೋಲು ತಗೊಂಡೀವಿ, ನೀರಿನ ಫಿಲ್ಟರೂ ಬಂದೈತಿ. ಬ್ರಷ್ ಯಾವ್ದು ಹಾಕ್ಬೇಕ್ರಿ?" ಎಂದು ಕೇಳುತ್ತಾರೆ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ದೊಡ್ಡ ಮೇಷ್ಟ್ರ ಹಾಗೆ ಶುರು ಮಾಡುತ್ತೇನೆ. ಎತ್ತರದ ಕೆಲಸಕ್ಕೆ ಹಗುರದ ಬ್ರಷ್ ಇರಲಿ, ಇಲ್ಲದಿದ್ದರೆ ಸಂಜೆಗೆ ಭುಜ ಬಿದ್ದುಹೋಗುತ್ತದೆ. ಅಗಲದ್ದು ಬೇಗ ಮುಗಿಸುತ್ತದೆ, ಆದರೆ ಸಣ್ಣ ಚೌಕಟ್ಟಿನ ಮೂಲೆಗೆ ಹೋಗುವುದಿಲ್ಲ. ಕೂದಲ ತುದಿ ಸೀಳಿರುವ ಮೆತ್ತನೆಯದು ಒಂದು, ಗಡಸಿನದು ಒಂದು, ಎರಡೂ ಇಟ್ಟುಕೊಳ್ಳಿ. ಆದರೆ ಗಾಜಿನ ಮೇಲೆ ಫಿಲ್ಮ್ ಅಂಟಿಸಿದ್ದರೆ ಗಡಸಿನದನ್ನು ಗಾಡಿಯಿಂದ ಇಳಿಸಲೇಬೇಡಿ.

ಇಷ್ಟು ಕೇಳಿದ ಮೇಲೆ ಅವರು, "ಭಾಳ ಅನುಭವ ಐತ್ರಿ ನಿಮಗ" ಅನ್ನುತ್ತಾರೆ. ಆಗ ನನಗೆ ಫೋನು ಇಟ್ಟುಬಿಡಬೇಕು ಅನ್ನಿಸುತ್ತದೆ. ಫಿಲ್ಮಿನ ಬಗ್ಗೆ ಹೇಳಿದ ಆ ಕೊನೆಯ ಮಾತು ನನ್ನದಲ್ಲ. ಬೇರೆಯವರು ನನಗೆ ಹೇಳಿದ್ದು, ನಾನು ಕೇಳದೆ ಹೋದದ್ದು. ಹೇಳಿದವರಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಗಾಜಿನ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಉಜ್ಜುವ ಕೆಲಸ ಮಾಡಿದವನು ನಾನು. ಹೊಸ ಪ್ಯಾಂಟನ್ನು ಗಾಳಿ ತುಂಬಿದ ರಬ್ಬರ್ ಕಾಲಿಗೆ ತೊಡಿಸಿ, ತೊಡೆ, ಮೊಣಕಾಲುಗಳ ಮೇಲೆ ಸ್ಯಾಂಡ್‌ಪೇಪರಿನಿಂದಲೋ ಗಡಸು ಬ್ರಷ್ಷಿನಿಂದಲೋ ಉಜ್ಜಿ ಉಜ್ಜಿ ಹಳೆಯದಾಗಿ ಕಾಣಿಸುವುದು. ನಾಲ್ಕು ವರ್ಷ ತೊಟ್ಟರೂ ಬಾರದ ಸವಕಲನ್ನು ನಾಲ್ಕು ನಿಮಿಷದಲ್ಲಿ ತರುವವನೇ ಅಲ್ಲಿ ಒಳ್ಳೆಯ ಕೆಲಸಗಾರ. ನಾನು ಒಳ್ಳೆಯ ಕೆಲಸಗಾರನಾಗಿದ್ದೆ, ಅದರಲ್ಲಿ ಸುಳ್ಳಿಲ್ಲ. ನೀಲಿ ದೂಳಿಗೆ ಕೆಮ್ಮು ಹತ್ತಿದ ಮೇಲೆ ಬಿಟ್ಟೆ.

ಕೌಲ್ ಬಜಾರಿನ ಚಾಚಾ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅದಿರು ಲಾರಿಗಳಿಗೆ ಬಣ್ಣ ಬಳಿದು, ಅಕ್ಷರ ಬರೆದು ಬದುಕಿದವರು. ದಾರ ಹಿಡಿಯದೆ, ಗುರುತು ಹಾಕಿಕೊಳ್ಳದೆ ಲಾರಿಯ ಉದ್ದಕ್ಕೂ ನೆಟ್ಟಗೆ ಪಟ್ಟಿ ಎಳೆಯುತ್ತಿದ್ದರು. "ನನ್ನ ಕಣ್ಣಾಗ ಸ್ಕೇಲ್ ಐತಲೇ" ಅನ್ನುವುದು ಅವರ ಜಂಬ. ಲಾರಿಗಳ ಕೆಲಸ ಕಡಿಮೆಯಾದಾಗ ನನ್ನ ಜೊತೆ ಸೇರಿದರು. ಒಂದು ಲಗೇಜ್ ಆಟೋ, ಅದರಲ್ಲಿ ನೀರಿನ ಟ್ಯಾಂಕಿ, ಸವಳು ನೀರಿನ ಉಪ್ಪನ್ನೆಲ್ಲ ತೆಗೆಯುವ ಫಿಲ್ಟರು, ಎರಡು ಉದ್ದನೆಯ ಕೋಲು. ಇಷ್ಟೇ ನಮ್ಮ ಬಂಡವಾಳ. ನೀರು ಪೈಪಿನಲ್ಲಿ ಏರಿ ಕೋಲಿನ ತುದಿಯ ಬ್ರಷ್ಷಿನಿಂದ ಚಿಮ್ಮುತ್ತದೆ. ನೆಲದ ಮೇಲೆ ನಿಂತೇ ಮೂರನೆಯ ಮಹಡಿಯ ಗಾಜು ತೊಳೆಯಬಹುದು. ಒರೆಸುವ ಗೋಜಿಲ್ಲ, ಉಪ್ಪಿಲ್ಲದ ನೀರು ಕಲೆ ಬಿಡದೆ ತಾನಾಗಿ ಒಣಗುತ್ತದೆ.

ಬ್ರಷ್ ಆರಿಸುವ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಹೊಂದಲಿಲ್ಲ. ಪಾರ್ಸೆಲ್ಲಿನಲ್ಲಿ ನಾಲ್ಕು ಬಗೆ ತರಿಸಿದ್ದೆವು. ಚಾಚಾ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಒಂದೊಂದನ್ನೇ ರೆಪ್ಪೆಯ ಮೇಲೆ ಆಡಿಸಿ ನೋಡಿದರು. ಮೆತ್ತನೆಯದೊಂದನ್ನು ಪಕ್ಕಕ್ಕೆ ಇಟ್ಟು, "ಇದು ಇರ್ಲಿ" ಅಂದರು. ನಾನು ಗಡಸಿನದನ್ನು ಕೈಗೆತ್ತಿಕೊಂಡೆ.

"ಅದರಿಂದ ಏನ್ ತೊಳೀತಿ? ಎಮ್ಮಿ ಮೈಯೇನು?"

"ಚಾಚಾ, ನಿಮ್ಮ ಮೆತ್ತಂದು ನಾಕ್ ಸಲ ಆಡಸ್ಬೇಕು. ಇದು ಒಂದ ಏಟಿಗೆ ಮುಗಸ್ತೈತಿ."

"ಮುಗಸ್ತೈತಿ, ಗಾಜನ್ನ."

ಜಗಳ ಬೇಡವೆಂದು ಎರಡನ್ನೂ ಇಟ್ಟುಕೊಂಡೆವು. ನೋಡಲು ಎರಡೂ ಒಂದೇ ಥರ ಕಪ್ಪು. ಅದಲು ಬದಲಾಗದಿರಲೆಂದು ಚಾಚಾ ಗಡಸಿನದರ ಬೆನ್ನಿಗೆ ಕೆಂಪು ಬಣ್ಣದ ಚುಕ್ಕಿ ಇಟ್ಟರು.

ಮೊದಮೊದಲು ಗೆದ್ದದ್ದು ನಾನೇ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಆಫೀಸಿನ ಗಾಜಿಗೆ ವರ್ಷಗಟ್ಟಲೆ ತೌಡಿನ ದೂಳು ಕೂತು, ಇಬ್ಬನಿಗೆ ನೆನೆದು, ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಮೆತ್ತನೆಯ ಬ್ರಷ್ ಅದರ ಮೇಲೆ ಸುಮ್ಮನೆ ಜಾರಿಕೊಂಡು ಹೋಯಿತು. ಕೆಂಪು ಚುಕ್ಕಿಯದನ್ನು ಹಾಕಿ, ಜೀನ್ಸ್ ಉಜ್ಜುವ ಹಾಗೆ ಮೈಭಾರ ಬಿಟ್ಟು ಉಜ್ಜಿದೆ. ಅದು ಬರೀ ಗಾಜು, ಏನೂ ಆಗಲಿಲ್ಲ. ತೌಡೆಲ್ಲ ಕಿತ್ತುಕೊಂಡು ಬಂತು. ಗಿರಣಿಯವರು ಚಹಾ ಕುಡಿಸಿ, ತೆಕ್ಕಲಕೋಟೆಯ ತಮ್ಮ ಬೀಗರ ಮನೆಗೂ ನಮ್ಮನ್ನು ಕಳಿಸಿದರು. ನನಗೆ ಕೊಂಬು ಬಂದವು. ವಾಪಸ್ ಬರುವಾಗ ದಾರಿಯುದ್ದಕ್ಕೂ ಚಾಚಾರನ್ನು ಕಾಡಿಸಿದೆ.

"ರೆಪ್ಪಿ ಮ್ಯಾಲ ಆಡಿಸಿದ್ರ ತೌಡು ಹೋಗತಿತ್ತೇನ್ರಿ ಚಾಚಾ?"

ಅವರು ಭತ್ತದ ಗದ್ದೆಗಳನ್ನು ನೋಡುತ್ತಾ ಕೂತಿದ್ದರು. "ಗಾಜು ನಿನ್ನ ಪ್ಯಾಂಟಲ್ಲಲೇ ತಮ್ಮಾ. ಕೈ ಭಾರ ಕಮ್ಮಿ ಮಾಡ್ಕೋ" ಅಂದರು.

ಅದೇ ದಿನಗಳಲ್ಲಿ ಅವರ ಎಡಗಣ್ಣಿಗೆ ಪೊರೆ ಬರತೊಡಗಿದೆ ಎಂದು ಡಾಕ್ಟರು ಹೇಳಿದ್ದರು. ಅವಸರವಿಲ್ಲ, ಬಲಗಣ್ಣು ಚೆನ್ನಾಗಿದೆ, ನಿಧಾನಕ್ಕೆ ಆಪರೇಷನ್ ಮಾಡಿಸಿದರಾಯಿತು ಎಂದಿದ್ದರಂತೆ. ಚಾಚಾ ಇದನ್ನು ಹೆಂಡತಿಗೂ ಹೇಳದೆ ನನಗೊಬ್ಬನಿಗೆ ಹೇಳಿದರು. "ಕೆಲಸಕ್ಕ ನಂಗೇನೂ ತ್ರಾಸಿಲ್ಲ. ಆದ್ರ ಜನಕ್ಕ ಒಮ್ಮಿ ಅನುಮಾನ ಬಂತಂದ್ರ ಮುಗೀತು. ಯಾರ ಮುಂದೂ ಬಾಯಿ ಬಿಡಬ್ಯಾಡ." ನಾನು ಆಣೆ ಬೇರೆ ಮಾಡಿದ್ದೆ.

ಕುರುಗೋಡಿನ ಕೆಲಸ ಒಂದು ಹೊಸ ಕಲ್ಯಾಣ ಮಂಟಪದ್ದು. ಮುಂಭಾಗ ಪೂರ್ತಿ ಗಾಜು. ಬಿಸಿಲು ತಡೆಯಲೆಂದು ಹೊರಮೈಗೆ ಕನ್ನಡಿಯಂಥ ಫಿಲ್ಮ್ ಅಂಟಿಸಿದ್ದರು. ಮರುದಿನವೇ ಅಲ್ಲಿ ಮೊದಲ ಮದುವೆ. ಚಾಚಾ ಬೆಳಿಗ್ಗೆ ಕೆಳಗಿನ ಗಾಜನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, "ಇದು ಬರೀ ಗಾಜಲ್ಲ, ಮ್ಯಾಲ ಹಾಳಿ ಐತಿ. ಕೆಂಪು ಚುಕ್ಕೀದು ಗಾಡ್ಯಾಗ ಇರ್ಲಿ, ಮುಟ್ಟಬ್ಯಾಡ" ಅಂದರು. ಮುಂಭಾಗದ ಮೇಲಿನ ಎರಡು ಸಾಲು ಅವರ ಪಾಲಿಗೆ, ಪಕ್ಕದ ಗೋಡೆಯ ಕಿಟಕಿಗಳು ನನ್ನ ಪಾಲಿಗೆ. ಮೆತ್ತನೆಯ ಬ್ರಷ್ಷನ್ನು ಕೋಲಿಗೆ ಹಾಕುವ ಮುಂಚೆ ಅವರು ಎಂದಿನಂತೆ ಬೆಳಕಿಗೆ ಹಿಡಿದು, ಕೂದಲ ಸಂದಿಯಲ್ಲಿ ಉಸುಕು ಕೂತಿದೆಯೇ ಎಂದು ಬಿಡಿಸಿ ಬಿಡಿಸಿ ನೋಡಿದರು.

ಅಂದು ಶುಕ್ರವಾರ. ಎರಡು ಸಾಲು ತೊಳೆದು, ಕೋಲು ಗೋಡೆಗೆ ಒರಗಿಸಿ ಚಾಚಾ ನಮಾಜಿಗೆ ಹೋದರು. ನಾನು ದೂರ ನಿಂತು ಅವರ ಕೆಲಸ ನೋಡಿದೆ. ಗಾಜಿನ ಅಂಚುಗಳಲ್ಲಿ, ಬಣ್ಣ ಬಳಿಯುವವರು ಬೀಳಿಸಿದ ಸುಣ್ಣದ ಹನಿಗಳು ಹಾಗೇ ಉಳಿದಿದ್ದವು. ಮುದುಕನ ಕಣ್ಣಿಗೆ ಕಂಡೇ ಇಲ್ಲ ಅಂದುಕೊಂಡೆ. ಅಂದುಕೊಂಡಾಗ ಸ್ವಲ್ಪ ಖುಷಿಯೂ ಆಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಆಟೋದಿಂದ ಕೆಂಪು ಚುಕ್ಕಿಯ ಬ್ರಷ್ ತೆಗೆದೆ. ಅವರ ಕೋಲಿಗೇ ಹಾಕಿ ಹನಿಗಳ ಮೇಲೆ ಒತ್ತಿ ಉಜ್ಜಿದೆ. ಹೋದವು. ಹುರುಪು ಬಂದು ಎರಡೂ ಸಾಲನ್ನು ಈ ತುದಿಯಿಂದ ಆ ತುದಿಗೆ ಉಜ್ಜಿಬಿಟ್ಟೆ. ನೀರು ಇಳಿಯುತ್ತಿದ್ದಾಗ ಗಾಜು ಥಳಥಳ ಹೊಳೆಯುತ್ತಿತ್ತು. ಆಮೇಲೆ ಮೆತ್ತನೆಯದನ್ನೇ ಮತ್ತೆ ಹಾಕಿ, ಕೋಲನ್ನು ಇದ್ದಲ್ಲೇ ಒರಗಿಸಿದೆ. ಬೈಸಿಕೊಳ್ಳುವುದು ಬೇಡ ಎಂದು, ಅಷ್ಟೇ.

ಚಾಚಾ ಬರುವ ಹೊತ್ತಿಗೆ ಗಾಜು ಒಣಗಿತ್ತು, ಬಿಸಿಲು ಮುಂಭಾಗಕ್ಕೆ ತಿರುಗಿತ್ತು. ಮೇಲಿನ ಎರಡು ಸಾಲಿನ ತುಂಬ ಕೂದಲೆಳೆಯಂಥ ಗೆರೆಗಳು, ಒಂದರ ಪಕ್ಕ ಒಂದು. ನನಗೆ ಆ ಗೆರೆಗಳು ಚೆನ್ನಾಗಿ ಗೊತ್ತು. ಹನ್ನೊಂದು ವರ್ಷ ಪ್ಯಾಂಟುಗಳ ಮೇಲೆ ನಾನು ಎಬ್ಬಿಸಿದ್ದು ಅವನ್ನೇ.

ಮಂಟಪದ ಮಾಲೀಕರು ಕೂಗಾಡುತ್ತ ಬಂದರು. "ಯಾರ್ರೀ ಇದನ್ನ ತೊಳದದ್ದು?"

"ನಾನ್ರಿ" ಅಂದರು ಚಾಚಾ.

ಅವರು ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು. ಕೋಲು ಇಳಿಸಿ ಬ್ರಷ್ಷಿನ ಕೂದಲನ್ನು ಬೆರಳಿನಿಂದ ಬಿಡಿಸಿದರು. "ಉಸುಕು ಸಿಕ್ಕೊಂಡಿತ್ತೇನೋ. ನೋಡೇ ಹಾಕಿದ್ದೆ. ನಂಗ ಕಾಣ್ಲಿಲ್ಲೇನೋ." ಕೊನೆಯದನ್ನು ಮಾಲೀಕರಿಗೆ ಹೇಳಲಿಲ್ಲ, ತಮಗೆ ತಾವೇ ಹೇಳಿಕೊಂಡರು.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಆದರೆ ಬಂದದ್ದು ಇದು: "ಬೈಬ್ಯಾಡ್ರಿ ಸಾವಕಾರ್ರೇ. ಚಾಚಾರ ಒಂದ್ ಕಣ್ಣಿಗೆ ಪೊರಿ ಬಂದೈತ್ರಿ. ವಯಸ್ಸಾಗೈತಿ, ಹೊಟ್ಟ್ಯಾಗ ಹಾಕ್ಕೊಳ್ರಿ."

ಎಷ್ಟು ಮೆತ್ತಗೆ ಹೇಳಿದೆ! ಕೇಳಿದವರು ಎಂಥ ಒಳ್ಳೆಯ ಮನುಷ್ಯ ಅನ್ನಬೇಕು, ಹಾಗೆ. ಸುಮ್ಮನಿದ್ದಿದ್ದರೆ ಹೇಡಿ ಅನ್ನಿಸಿಕೊಳ್ಳುತ್ತಿದ್ದೆ, ಅಷ್ಟೇ. ಮಾತಾಡಿ ಅದಕ್ಕಿಂತ ಕೆಳಗೆ ಇಳಿದೆ. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಚಾಚಾ ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ತಮ್ಮ ಪರವಾಗಿ ನಿಂತವನನ್ನು ನೋಡುವಂತೆ ನನ್ನನ್ನು ನೋಡಿದರು. ಮಾಲೀಕರು, "ಕಣ್ಣು ಕಾಣದವ್ರನ್ನ ಕಟ್ಕೊಂಡು ಬರ್ತೀರಲ್ಲೋ" ಎಂದು ಗೇಟಿನ ತನಕ ಬೈದು ನಮ್ಮನ್ನು ಕಳಿಸಿದರು.

ಮರುದಿನ ಬೆಳಿಗ್ಗೆ ಚಾಚಾ ತಮ್ಮ ಬಳಿ ಇದ್ದ ಬಿಡಿ ಸಾಮಾನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತಂದುಕೊಟ್ಟರು. "ಕಣ್ಣು ಮೋಸ ಮಾಡ್ತು ತಮ್ಮಾ. ಇನ್ನ ಸಾಕು." ನಾನು, "ಆರಾಮ ತಗೊಳ್ರಿ ಚಾಚಾ" ಅಂದೆ. ಬೇರೆ ಒಬ್ಬರನ್ನು ಜೊತೆಗೆ ಹಾಕಿಕೊಂಡು ಕೆಲಸ ಮುಂದುವರಿಸಿದೆ. ಇವತ್ತಲ್ಲ ನಾಳೆ ಅವರು ಬಿಡುವವರೇ, ಆಪರೇಷನ್ ಆದ ಮೇಲೆ ತಾವೇ ಬರುತ್ತಾರೆ, ಈಗ ಹೇಳಿದರೆ ಸುಮ್ಮನೆ ಮನಸ್ಸು ನೋಯಿಸಿದಂತೆ. ಹೀಗೆ ನನಗೆ ನಾನೇ ಹೇಳಿಕೊಂಡ ಸಮಾಧಾನಗಳಿಗೆ ಲೆಕ್ಕವಿಲ್ಲ. ಒಂದು ವರ್ಷ ಅವರ ಓಣಿಯ ಕಡೆ ಹಾಯಲಿಲ್ಲ.

ಕಳೆದ ತಿಂಗಳು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತ ನಿಂತಿದ್ದ ಚಾಚಾರ ಹೆಂಡತಿ, ಚಾಚಿ, ನನ್ನನ್ನು ಕಂಡು ತಾವೇ ಕರೆದರು. "ಏನ್ ಬೇಟಾ, ನಮ್ಮನ್ನ ಮರತೇ ಬಿಟ್ಟಿ?" ಅಂದವರು ಮನೆಯ ಸುದ್ದಿಗೆ ಬಂದರು. ಚಾಚಾ ಗಾಡಿ ಹೊಡೆಯುವುದನ್ನು ಬಿಟ್ಟಿದ್ದಾರೆ. ಒಬ್ಬರೇ ರಸ್ತೆ ದಾಟುವುದಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳುವುದಿಲ್ಲ. "ಡಾಕ್ಟರು ಬಲಗಣ್ಣು ಚಲೋ ಐತಿ ಅಂತಾರ, ಎಡಗಣ್ಣಿಂದು ಆಪರೇಷನ್ ಮಾಡೂಣು ಅಂತಾರ. ಇವರು ಕೇಳವಲ್ರು. ಎರಡೂ ಹೋಗ್ಯಾವು, ಇಲ್ಲದ್ದೆಲ್ಲ ಕಾಣತಾವು, ಇದ್ದದ್ದು ಕಾಣವಲ್ದು ಅಂತಾರ. ನೀನಾರ ಹೇಳು ಬೇಟಾ. ನಿನ್ನ ಮಾತು ಕೇಳ್ತಾರ."

ನನ್ನ ಮಾತು ಕೇಳುತ್ತಾರೆ! ಹೌದು, ಕೇಳಿಯೇ ಹೀಗಾದದ್ದು. ಅಲ್ಲಿಂದ ನೆಟ್ಟಗೆ ಅವರ ಮನೆಗೆ ಹೋದೆ. ನನ್ನ ಮನೆಗೆ ಹೋಗಿದ್ದರೆ ಮತ್ತೆ ಧೈರ್ಯ ಬರುತ್ತಿರಲಿಲ್ಲ.

ಮಹಡಿ ಮೆಟ್ಟಿಲ ಮೇಲಿನ ಸಣ್ಣ ಕಟ್ಟೆಯಲ್ಲಿ ಚಾಚಾ ಕೂತಿದ್ದರು. ಪಕ್ಕದಲ್ಲಿ ಮಗನ ಮಗಳು, ಐದು ವರ್ಷದವಳಿರಬೇಕು, ಬಳಪದಿಂದ ನೆಲದ ಮೇಲೆ ಗೀಚುತ್ತಿದ್ದಳು. "ಬಾರಲೇ, ಬಾ" ಎಂದು ಖುಷಿಯಿಂದ ಜಾಗ ಬಿಟ್ಟರು. ನಾನು ಕೂರಲಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಚಾಚಾ ಕೇಳಿದರು: "ಯಾವ ಬ್ರಷ್ಷು?"

"ಕೆಂಪು ಚುಕ್ಕೀದು."

"ಎರಡೂ ಸಾಲು?"

"ಹೂಂ. ಸುಣ್ಣದ ಹನಿ ಉಳದಿದ್ವು ಚಾಚಾ, ಅದಕ್ಕ."

"ಆ ಹನಿ ನಾ ನೋಡಿದ್ದೆ" ಅಂದರು. ದನಿ ಏರಿರಲಿಲ್ಲ. "ನೆನೀಲಿ ಅಂತ ಬಿಟ್ಟು ಹೋಗಿದ್ದೆ. ಬಂದು ನೋಡಿದ್ರ ಒಂದೂ ಇಲ್ಲ. ಮುಂಜಾನಿ ಕಂಡದ್ದೂ ಸುಳ್ಳೇನೋ ಅನಕೊಂಡೆ. ಆವತ್ತಿಂದ ಯಾವುದು ಕಂಡ್ರೂ ನಂಬಾಕ ಆಗವಲ್ದು."

ಬೈಯಲಿ, ಕೈಯಲ್ಲಿದ್ದ ಊರುಗೋಲು ಬೀಸಲಿ ಎಂದು ಕಾದೆ. ಅವರು ಆ ಊರುಗೋಲನ್ನು ಗೋಡೆಗೆ ಒರಗಿಸಿ ಎದ್ದು ನಿಂತರು. ಮೊಮ್ಮಗಳ ಕಡೆ ಬಾಗಿ ಎರಡೂ ಕೈ ಮುಂದೆ ಮಾಡಿದರು. "ಬಾ, ಎತ್ಕೋತೀನಿ. ಕೆಳಗ ಅಂಗಡಿಗೆ ಹೋಗೂಣು."

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ದಾದಾ. ನಿಂಗ ಕಣ್ಣ್ ಕಾಣಂಗಿಲ್ಲ. ಬೀಳಸ್ತಿ." ಹೇಳಿ, ಗೋಡೆ ಹಿಡಿದುಕೊಂಡು ತಾನೇ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

ಚಾಚಾ ಮುಂದೆ ಮಾಡಿದ್ದ ಕೈ ಹಾಗೇ ಇದ್ದವು. ನನ್ನ ಕಡೆ ಅವರು ನೋಡಲೇ ಇಲ್ಲ.

"ಕಾಣತಿತ್ತವ್ವಾ" ಅಂದರು, ಇಳಿಯುತ್ತಿದ್ದ ಅವಳಿಗೆ. "ನಂಗ ಕಾಣತಿತ್ತು."