ಕೃಷ್ಣಪ್ರಸಾದರನ್ನು ಕರೆಯದೆ ಹಾಕಿದ ಸ್ವಿಚ್ಚು

ಪಕ್ಕದ ಮನೆಯ ಕೃಷ್ಣಪ್ರಸಾದರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಪ್ರಯೋಜನ? ಐರ್ಲೆಂಡಿನ ಲೀಕ್ಸ್‌ಲಿಪ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ನಮ್ಮಿಬ್ಬರದೂ ಒಂದೇ ಶಿಫ್ಟು, ಇಬ್ಬರಿಗೂ ಒಂದೊಂದು ಬೈಕು. ಆದರೆ ನಾವಿರುವ ಎಸ್ಟೇಟಿನಲ್ಲಿ, ಅಂದರೆ ಬಡಾವಣೆಯಲ್ಲಿ, ಯಾರ ಮಿಕ್ಸಿ ನಿಂತರೂ, ಯಾರ ಸೈಕಲ್ ಚೈನು ಕಳಚಿದರೂ ಹೋಗುವುದು ಅವರ ಬಾಗಿಲಿಗೆ. ಲಾಕ್‌ಡೌನ್ ಬಂದ ಮೇಲಂತೂ ಕೇಳುವುದೇ ಬೇಡ. ಬಾಗಿಲಲ್ಲಿ ಇಟ್ಟು ಬಂದರೆ ಸಂಜೆಗೆ ರಿಪೇರಿ. "ಕೃಷ್ಣಪ್ರಸಾದಣ್ಣ ಎಷ್ಟು ಚೆನ್ನಾಗಿ ಮಾಡ್ತಾರೆ ನೋಡು," ಎಂದು ನನ್ನ ಹೆಂಡತಿ ಪ್ರಕೃತಿ ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಹದಿನೈದು ವರ್ಷದಿಂದ ಎಂಜಿನಿಯರಾಗಿರುವ ನನ್ನನ್ನು ಅವಳು ಹಾಗೆ ಹೊಗಳಿದ್ದು ನೆನಪಿಲ್ಲ.

ಲಾಕ್‌ಡೌನ್ ಬಂದ ವರ್ಷದ ಅಕ್ಟೋಬರಿನಲ್ಲಿ, ನೀರು ಜೋರಾಗಿ ಚಿಮ್ಮಿಸುವ ಯಂತ್ರ ಹಿಡಿದು ಆಯುಧಪೂಜೆಗೆ ಬೈಕು ತೊಳೆಯುತ್ತಿದ್ದೆ. ಬೇಲಿಯಾಚೆಯಿಂದ ಅವರು, "ಸಂಪತ್, ಪ್ರೆಶರ್ ವಾಶರ್ ಬೇಡ ಕಣೋ, ಹ್ಯಾಂಡಲ್ ಹತ್ರ ಸ್ವಿಚ್‌ಗಳಿರ್ತವೆ, ನೀರು ಹೋದ್ರೆ ಕೆಡ್ತವೆ. ಒದ್ದೆ ಬಟ್ಟೇಲಿ ಒರೆಸು ಸಾಕು," ಎಂದರು. ಹೇಳಿದವರು ಅವರಾದ್ದರಿಂದಲೇ ಇನ್ನೂ ಜೋರಾಗಿ ನೀರು ಬಿಟ್ಟೆ. ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣೂ ಇಟ್ಟೆ.

ನಾಲ್ಕೇ ದಿನ. ಕೆಲಸದಿಂದ ನನ್ನ ಹಿಂದೆಯೇ ಬೈಕಿನಲ್ಲಿ ಬಂದ ಕೃಷ್ಣಪ್ರಸಾದರು ಗೇಟಿನ ಬಳಿ ಹೇಳಿದರು: "ನೀನು ಬ್ರೇಕ್ ಹಿಡಿದಾಗ ಹಿಂದೆ ಲೈಟ್ ಒಂದ್ಸಲ ಬರುತ್ತೆ, ಒಂದ್ಸಲ ಬರಲ್ಲ. ಮುಂದಿನ ಬ್ರೇಕ್‌ದು ಸ್ವಿಚ್ ಹೋಗಿರ್ಬೇಕು. ಹಾಕ್ಕೊಡ್ಲಾ?"

ನೀರಿನ ಮಾತೇ ಎತ್ತಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. "ನೋ, ಗ್ರ್ಯಾಂಡ್, ಪರವಾಗಿಲ್ಲ. ನಾನೇ ಮಾಡ್ಕೋತೀನಿ," ಎಂದೆ.

"ಅವರನ್ನೇ ಕರೀಬಾರ್ದಾ? ಸುಮ್ನೆ ಹಟ," ಎಂದಳು ಪ್ರಕೃತಿ. ಆ ಮಾತಿನ ಮೇಲಂತೂ ಕರೆಯುವ ಪ್ರಶ್ನೆಯೇ ಇರಲಿಲ್ಲ. ನಾನೇ ಮಾಡಬೇಕು, ಅವಳು ನೋಡಬೇಕು.

ಹೊಸ ಸ್ವಿಚ್ಚು ಅಂಚೆಯಲ್ಲಿ ಬಂತು. ಶನಿವಾರ ಬೆಳಿಗ್ಗೆ ಕೂತೆ. ಬ್ರೇಕ್ ಲಿವರಿನ ಅಡಿಯಲ್ಲಿ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಡಬ್ಬಿ. ಎರಡು ವೈರು, ಒಂದು ಸ್ಕ್ರೂ. ಆ ಒಂದು ಸ್ಕ್ರೂ ಕೈಜಾರಿ ಅಂಗಳದ ಜಲ್ಲಿಯೊಳಗೆ ಸೇರಿತು. ಅರ್ಧ ಗಂಟೆ ಮಂಡಿಯೂರಿ ಹುಡುಕಿದೆ. ಕೃಷ್ಣಪ್ರಸಾದರು ತಮ್ಮ ಬಾಗಿಲಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದರು. ಅದೂ ಸಿಟ್ಟು ತರಿಸಿತು.

ಕೊನೆಗೆ ಸ್ಕ್ರೂ ಸಿಕ್ಕಿತು. ವೈರು ಸಿಕ್ಕಿಸಿ ಬಿಗಿದೆ. ಲಿವರ್ ಎಳೆದರೆ 'ಟಿಕ್' ಎಂದಿತು. ಪ್ರಕೃತಿಯನ್ನು ಕರೆದು ಬೈಕಿನ ಹಿಂದೆ ನಿಲ್ಲಿಸಿದೆ.

"ಬಂತು!" ಎಂದಳು. ಲಿವರ್ ಬಿಟ್ಟೆ. "ಹೋಯ್ತು!" ಮತ್ತೆ ಹಿಡಿದೆ. "ಬಂತು! ಪರವಾಗಿಲ್ವೇ, ನೀನೇ ಮಾಡಿದ್ಯಲ್ಲ!"

ಗೆದ್ದ ಮುಖ ಹೊತ್ತು ಬೇಲಿಯ ಕಡೆ ತಿರುಗಿದೆ.

"ಚೆನ್ನಾಗಿ ಹಾಕಿದೀಯ," ಎಂದರು ಕೃಷ್ಣಪ್ರಸಾದ್. "ನಾನಾದ್ರೆ ಲಿವರ್‌ಗೆ ಬಟ್ಟೆ ಬಿಗಿದು ಕಟ್ಟಿ, ಹಿಂದಕ್ಕೆ ಹೋಗಿ ನಾನೇ ನೋಡ್ಬೇಕು. ಆಮೇಲೆ ಬಂದು ನಾನೇ ಬಿಚ್ಬೇಕು. ನೀನು ಹಿಡ್ದೆ, ಪ್ರಕೃತಿ ಬಂತು ಅಂದ್ಲು, ಮುಗೀತು. ನಿಜ ಹೇಳ್ಲಾ? ಹೊಟ್ಟೆ ಉರೀತು ಕಣೋ ನಂಗೆ."

ನಗುತ್ತಲೇ ಹೇಳಿದರು. ಅವರ ಹೆಂಡತಿ ಶಾಂತಾ ಫೆಬ್ರವರಿಯಲ್ಲಿ ತಂಗಿಯ ಮದುವೆಗೆಂದು ದಾವಣಗೆರೆಗೆ ಹೋದವರು, ವಿಮಾನ ನಿಂತು, ವೀಸಾ ಮುಗಿದು, ಇನ್ನೂ ಅಲ್ಲೇ ಇದ್ದರು. ಎಸ್ಟೇಟಿಗೆಲ್ಲ ಗೊತ್ತಿದ್ದ ವಿಷಯ, ನನಗೂ ಗೊತ್ತಿತ್ತು. ಎಂಟು ತಿಂಗಳಲ್ಲಿ ಒಂದು ದಿನವೂ "ಶಾಂತಾ ಅವರು ಹೇಗಿದಾರೆ?" ಎಂದು ನಾನು ಕೇಳಿರಲಿಲ್ಲ.

ಕೇಳೋಣವೆಂದು ಬೇಲಿಯ ಹತ್ತಿರ ಹೋದೆ. ಅವರು ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.